ಪ್ರತಿಕಾಯಗಳಿಲ್ಲದ ಕಡಲ ಜೀವಿಗಳು ಸೋಂಕನ್ನು ತಡೆಯುವುದು ಹೇಗೆ?

ಪ್ರಶ್ನೆ: ಬಿ.ಎಸ್ಸಿ. ವಿದ್ಯಾರ್ಥಿನಿ, ಶಿಡ್ಲಘಟ್ಟ

ಎಲ್ಲರಿಗೂ ನಮಸ್ಕಾರ. ಒಂದು ಮಿಲಿಲೀಟರ್ ಕಡಲ ನೀರಿನಲ್ಲಿ ಸುಮಾರು 10 ಲಕ್ಷ ಬ್ಯಾಕ್ಟೀರಿಯಾಗಳಿರುತ್ತವೆ. ಅಂತಹ ನೀರಿನಲ್ಲೇ ಬದುಕುವ ಸಿಗಡಿ, ಏಡಿಗಳಿಗೆ ನಮ್ಮಂತೆ ಪ್ರತಿಕಾಯಗಳು (ರೋಗಾಣುವನ್ನು ಗುರುತಿಸಿ ಅಂಟಿಕೊಳ್ಳುವ ಪ್ರೋಟೀನ್‌ಗಳು) ಇಲ್ಲ. ರಕ್ತವೂ ಪೂರ್ತಿಯಾಗಿ ನಾಳಗಳೊಳಗೆ ಹರಿಯದೆ ಅಂಗಾಂಗಗಳ ನಡುವೆ ತುಂಬಿಕೊಂಡಿರುತ್ತದೆ. ಹಾಗಿದ್ದಮೇಲೆ ಒಂದು ಸಣ್ಣ ಗಾಯವಾದರೂ ಇಡೀ ಮೈಗೆ ನಂಜೇರಬೇಕಲ್ಲವೇ?

ಉತ್ತರ: ಪ್ರಾಣಿಶಾಸ್ತ್ರ ಉಪನ್ಯಾಸಕ, ತುಮಕೂರು

ರಕ್ತ ಹಾಗೆ ತೆರೆದ ಜಾಗದಲ್ಲಿರುವುದರಿಂದಲೇ ಈ ಪ್ರಾಣಿಗಳಲ್ಲಿ ಗಾಯವನ್ನು ಮುಚ್ಚುವುದೂ ರೋಗಾಣುವನ್ನು ಕೊಲ್ಲುವುದೂ ಬೇರೆಬೇರೆ ಕೆಲಸಗಳಾಗಿ ಉಳಿದಿಲ್ಲ. ಎರಡೂ ಹೀಮೋಸೈಟ್ ಎಂಬ ರಕ್ತಕಣಗಳ ಪಾಲಿಗೆ ಬಂದಿವೆ. ಸಿಗಡಿಯಲ್ಲಿ ಇವು ಮೂರು ಬಗೆ: ಒಳಗೆ ಕಣಿಕೆಗಳು ಇಲ್ಲವೆನ್ನುವಷ್ಟು ಕಡಿಮೆ ಇರುವವು, ಸಣ್ಣ ಕಣಿಕೆಗಳಿರುವವು, ದೊಡ್ಡ ಕಣಿಕೆಗಳಿಂದ ತುಂಬಿದವು. ಬ್ಯಾಕ್ಟೀರಿಯಾ ಅಥವಾ ಶಿಲೀಂಧ್ರದ ಹೊರಕವಚದ ಅಣುಗಳ ಗುರುತು ಸಿಕ್ಕೊಡನೆ ಕಣಿಕೆಗಳಲ್ಲಿದ್ದ ಪ್ರೋಫೀನಾಲ್‌ಆಕ್ಸಿಡೇಸ್ ಎಂಬ ನಿಷ್ಕ್ರಿಯ ಕಿಣ್ವ ಹೊರಬಿದ್ದು ಫೀನಾಲ್‌ಆಕ್ಸಿಡೇಸ್ ಆಗಿ ಚುರುಕುಗೊಳ್ಳುತ್ತದೆ, ಅದರಿಂದ ಮೆಲನಿನ್ ಎಂಬ ಕಪ್ಪು ವಸ್ತು ಉಂಟಾಗುತ್ತದೆ, ಆ ಹಾದಿಯಲ್ಲಿ ಹುಟ್ಟುವ ಕ್ವಿನೋನ್‌ಗಳು ರೋಗಾಣುಗಳಿಗೆ ವಿಷವಾಗುತ್ತವೆ. ನುಂಗಲಾಗದಷ್ಟು ದೊಡ್ಡ ಪರಾವಲಂಬಿ ಒಳಹೊಕ್ಕರೆ, ಕಣಗಳು ಪದರ ಪದರವಾಗಿ ಸುತ್ತಿಕೊಂಡು ಅದನ್ನು ಅಲ್ಲೇ ಸೆರೆಹಿಡಿಯುತ್ತವೆ.

ಕಣಗಳು ರೋಗಾಣುವನ್ನು ನುಂಗಿ ದೇಹವನ್ನು ಕಾಯುತ್ತವೆಂಬ ವಿಚಾರ ಹುಟ್ಟಿದ್ದೂ ಕಡಲ ಜೀವಿಯಿಂದಲೇ. 1882ರಲ್ಲಿ ಇಟಲಿಯ ಮೆಸ್ಸಿನಾದಲ್ಲಿ ರಷ್ಯಾದ ಪ್ರಾಣಿಶಾಸ್ತ್ರಜ್ಞ ಇಲ್ಯಾ ಮೆಚ್ನಿಕಾಫ್ ನಕ್ಷತ್ರಮೀನಿನ ಪಾರದರ್ಶಕ ಮರಿಗಳಿಗೆ ಮುಳ್ಳು ಚುಚ್ಚಿಟ್ಟು ನೋಡಿದಾಗ, ಮರುದಿನ ಬೆಳಿಗ್ಗೆ ಮುಳ್ಳಿನ ಸುತ್ತ ಕಣಗಳು ಮುತ್ತಿಕೊಂಡಿದ್ದವು. ಆತನಿಗೆ 1908ರಲ್ಲಿ ನೊಬೆಲ್ ಬಂತು. ನಮ್ಮ ತರಗತಿಗಳಲ್ಲಿ ಈ ಪ್ರಯೋಗಕ್ಕೆ ಇನ್ನೂ ಹೆಚ್ಚಿನ ಜಾಗ ಸಿಗಬೇಕು.

ಉತ್ತರ: ಔಷಧ ಗುಣಮಟ್ಟ ಪರೀಕ್ಷಕಿ, ಕೋಲಾರ

ಗಾಯ ಮುಚ್ಚುವುದೇ ರಕ್ಷಣೆ ಎಂಬ ಸರ್ ಅವರ ಮಾತನ್ನು ನಾವು ಕೆಲಸದಲ್ಲಿ ಕಣ್ಣಾರೆ ಕಾಣುತ್ತೇವೆ. ಕುದುರೆ ಲಾಳದ ಏಡಿಯ ರಕ್ತಕಣಗಳಿಂದ ತೆಗೆದ ದ್ರವಕ್ಕೆ ಅಷ್ಟೇ ಪ್ರಮಾಣದ ಇಂಜೆಕ್ಷನ್ ಔಷಧವನ್ನು ಬೆರೆಸಿ, ಸಣ್ಣ ಗಾಜಿನ ಕೊಳವೆಯನ್ನು 37 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಗಂಟೆ ಅಲುಗಾಡಿಸದೆ ಇಟ್ಟು, ಬಳಿಕ ಮೆಲ್ಲಗೆ ತಲೆಕೆಳಗು ಮಾಡುತ್ತೇವೆ. ಗಟ್ಟಿಯಾಗಿ ತಳಕ್ಕೆ ಅಂಟಿಕೊಂಡೇ ಉಳಿದರೆ ಔಷಧದಲ್ಲಿ ಬ್ಯಾಕ್ಟೀರಿಯಾದ ಹೊರಪೊರೆಯ ಎಂಡೊಟಾಕ್ಸಿನ್ ಎಂಬ ವಿಷ ಇದೆಯೆಂದೇ ಅರ್ಥ. ಅದು ಫ್ಯಾಕ್ಟರ್ ಸಿ ಎಂಬ ಪ್ರೋಟೀನನ್ನು ಎಬ್ಬಿಸುತ್ತದೆ, ಅಲ್ಲಿಂದ ಒಂದರ ಹಿಂದೊಂದು ಕಿಣ್ವ ಚುರುಕುಗೊಂಡು ಕೊನೆಗೆ ರಕ್ತ ಹೆಪ್ಪುಗಟ್ಟುತ್ತದೆ. ಪ್ರಾಣಿಯ ಮೈಯಲ್ಲಿ ಬ್ಯಾಕ್ಟೀರಿಯಾ ಸಿಕ್ಕಿಬೀಳುವುದೂ ಇದೇ ಹೆಪ್ಪಿನಲ್ಲಿ. ಈಗ ಫ್ಯಾಕ್ಟರ್ ಸಿಯನ್ನು ಜೀವತಂತ್ರಜ್ಞಾನದಿಂದಲೇ ತಯಾರಿಸುತ್ತಾರೆ. ಏಡಿಗಳ ರಕ್ತ ತೆಗೆಯುವುದು ಆದಷ್ಟು ಬೇಗ ನಿಲ್ಲಲಿ ಎಂಬುದು ನನ್ನ ಆಸೆ.

ಪ್ರಶ್ನೆ ಕೇಳಿದವರು

ಧನ್ಯವಾದಗಳು ಸರ್, ಮೇಡಂ. ಪ್ರತಿಕಾಯಗಳಿಲ್ಲದೆ ಇಷ್ಟೊಂದು ಬಗೆಯ ರೋಗಾಣುಗಳ ಗುರುತು ಹೇಗೆ ಸಿಗುತ್ತದೆ? ಇಂತಹ ರಕ್ಷಣೆಯನ್ನು ನಮ್ಮೂರಿನಲ್ಲಿ ನೋಡುವ ದಾರಿ ಇದೆಯೇ?

ಉತ್ತರ: ಉಪನ್ಯಾಸಕ, ತುಮಕೂರು

ಹುಟ್ಟಿನಿಂದಲೇ ಬರುವ ಗ್ರಾಹಕಗಳಿಂದ, ಅಂದರೆ ರೋಗಾಣುಗಳ ಅಣುಗಳನ್ನು ಗುರುತಿಸುವ ಪ್ರೋಟೀನ್‌ಗಳಿಂದ. 2006ರಲ್ಲಿ ನೇರಳೆ ಸೀ ಅರ್ಚಿನ್‌ನ ಜೀನೋಮ್ ಓದಿದಾಗ ಇವುಗಳಲ್ಲೇ ಒಂದು ಬಗೆಯಾದ ಟೋಲ್ ಮಾದರಿಯ ಗ್ರಾಹಕಗಳ 222 ಜೀನ್‌ಗಳು ಕಂಡವು. ಮನುಷ್ಯರಲ್ಲಿ ಕೆಲಸ ಮಾಡುವವು 10. ನೋಡುವುದಕ್ಕಂತೂ ನಿಮ್ಮೂರಿನ ರೇಷ್ಮೆ ಹುಳುವೇ ಸಾಕು. ಐದನೆಯ ಹಂತದ ಹುಳುವಿನ ಕಾಲಿನ ತುದಿ ಕತ್ತರಿಸಿ, ಒಂದು ಹನಿ ರಕ್ತದ್ರವವನ್ನು ಗಾಜಿನ ಪಟ್ಟಿಯ ಮೇಲೆ ಬಿಡಿ. ತಿಳಿಹಳದಿ ಹನಿ ಗಾಳಿಗೆ ಕಪ್ಪಾಗುತ್ತಾ ಹೋಗುವುದು ಸಿಗಡಿಯಲ್ಲಿರುವಂಥದೇ ಫೀನಾಲ್‌ಆಕ್ಸಿಡೇಸ್‌ನಿಂದ. ಕಣಗಳನ್ನು ಎಣಿಸಬೇಕೆಂದಿದ್ದರೆ ಕಪ್ಪಾಗದಂತೆ ಫೀನೈಲ್‌ಥಯೋಯೂರಿಯಾ ಬೆರೆಸುತ್ತಾರೆ. ಅದು ವಿಷವಾದ್ದರಿಂದ ಅಧ್ಯಾಪಕರ ಎದುರಿನಲ್ಲೇ ಬಳಸಿ.