ಹಪ್ಪಳಕ್ಕೂ ಅಡಿಕೆಗೂ ಒಂದೇ ಡ್ರೈಯರ್: ರಿಟರ್ನ್‌ನಲ್ಲಿ ಸವಕಳಿ ಎಲ್ಲಿ, ಎಷ್ಟು ಹಾಕಬೇಕು?

ಹಪ್ಪಳ_ಶಿರಸಿ:
ಹಲಸು, ಮುರುಗಲು ಹೊರಗಿನಿಂದ ಕೊಂಡು ಹಪ್ಪಳ, ಒಣಸಿಪ್ಪೆ ಮಾಡಿ ಮಾರುತ್ತೇವೆ. 2024-25 ಮೊದಲ ವರ್ಷ, ಜಿಎಸ್‌ಟಿ ನೋಂದಣಿ ಇಲ್ಲ. ಏಪ್ರಿಲ್‌ನಲ್ಲಿ ₹85,000ದ ಕರೆಂಟ್ ಡ್ರೈಯರ್ ತಂದೆವು: ₹60,000 ಬ್ಯಾಂಕಿನಿಂದ, ₹25,000 ಅದೇ ದಿನ ನಗದು. ನವೆಂಬರ್ 20ಕ್ಕೆ ₹60,000ದ ಲ್ಯಾಪ್‌ಟಾಪ್. ಕೊಯ್ಲಿನ ಹೊತ್ತಿಗೆ ಮೋಡ ಕವಿದರೆ ನಮ್ಮ ತೋಟದ ಅಡಿಕೆಯೂ ಅದೇ ಡ್ರೈಯರಿಗೆ. ಲ್ಯಾಪ್‌ಟಾಪಿನಲ್ಲಿ ಮಗನ ಪಾಠವೂ ನಡೆಯುತ್ತದೆ. ಆದಾಯ ತೆರಿಗೆ ರಿಟರ್ನಿನ ನಮೂನೆ ಐಟಿಆರ್-4ರಲ್ಲಿ ಸವಕಳಿಯ (ಬಳಸಿ ಸವೆದಂತೆ ವರ್ಷ ವರ್ಷ ಇಳಿಯುವ ಬೆಲೆಯ) ಕಾಲಂ ಕಾಣುತ್ತಿಲ್ಲ. ಪೂರ್ತಿ ಬಿಲ್ಲನ್ನೇ ಖರ್ಚಿಗೆ ಹಾಕಬಹುದೇ?

ಲೆಕ್ಕಿಗ_ಕಾರವಾರ:
ಕಾಲಂ ಇಲ್ಲದ್ದಕ್ಕೆ ಕಾರಣವಿದೆ. ಐಟಿಆರ್-4 ಇರುವುದು ಅಂದಾಜು ಲಾಭದವರಿಗೆ. 1961ರ ಆದಾಯ ತೆರಿಗೆ ಕಾಯ್ದೆಯ ಸೆಕ್ಷನ್ 44ಎಡಿಯಲ್ಲಿ ನಗದು ವಹಿವಾಟಿಗೆ 8%, ಬ್ಯಾಂಕ್ ಮೂಲಕ ಬಂದದ್ದಕ್ಕೆ 6% ಕನಿಷ್ಠ ಲಾಭ ತೋರಿಸಬೇಕು. ನಿಜ ಲಾಭ ಹೆಚ್ಚಿದ್ದರೆ ಹೆಚ್ಚೇ. ಸವಕಳಿಯೂ ಅದರೊಳಗೇ ಮುಗಿಯಿತು, ಬೇರೆ ಕೇಳುವಂತಿಲ್ಲ.

ಅದಕ್ಕಿಂತ ದೊಡ್ಡ ತೊಡಕು ನಿಮ್ಮ ತೋಟ. ಕೃಷಿ ಆದಾಯ ₹5,000 ದಾಟಿದವರು ಐಟಿಆರ್-4 ಹಾಕುವ ಹಾಗೇ ಇಲ್ಲ. ನಮ್ಮ ಜಿಲ್ಲೆಯಲ್ಲಿ ಅಡಿಕೆ ಇರುವ ಮನೆಯವರು ತಪ್ಪುವುದು ಹೆಚ್ಚಾಗಿ ಇಲ್ಲೇ. ದಯವಿಟ್ಟು ಐಟಿಆರ್-3ಕ್ಕೆ ಹೋಗಿ. 44ಎಡಿ ಬೇಕೆಂದರೂ ಅದರಲ್ಲೇ ತುಂಬಬಹುದು. ಹಿಂದೆ 44ಎಡಿ ಹಿಡಿದು ಬಿಟ್ಟವರಿಗೆ ಮುಂದಿನ 5 ವರ್ಷ ಅದು ಸಿಗುವುದಿಲ್ಲ. ಮೊದಲ ವರ್ಷವಾದ್ದರಿಂದ ನಿಮಗೆ ಆ ಕಟ್ಟು ಇಲ್ಲ.

ಹಪ್ಪಳ_ಶಿರಸಿ:
ಜಮಾಖರ್ಚಿನ ಪುಸ್ತಕ ಸರಿಯಾಗಿದೆ, ನಿಜ ಲಾಭ 6%ಗಿಂತ ಕಡಿಮೆ. ಐಟಿಆರ್-3ರಲ್ಲೇ ಲೆಕ್ಕ ಕೊಡುತ್ತೇನೆ. ಡ್ರೈಯರ್ ಓಡಿದ ತಾಸು ಬರೆದಿಟ್ಟಿದ್ದೇವೆ: ಹಪ್ಪಳ, ಸಿಪ್ಪೆಗೆ 540, ಅಡಿಕೆಗೆ 360. ಲ್ಯಾಪ್‌ಟಾಪ್ ಮುಕ್ಕಾಲು ಪಾಲು ವ್ಯಾಪಾರಕ್ಕೆ.

ಕುಮಟಾ_ಜಮಾಖರ್ಚು:
ತಾಸಿನ ಪಟ್ಟಿ ಇರುವುದು ಬಹಳ ಒಳ್ಳೆಯದಾಯಿತು. ಅದೇ ಕಾಯ್ದೆಯ ಸೆಕ್ಷನ್ 38(2) ಕೇಳುವುದು ಬಳಕೆಗೆ ತಕ್ಕ ನ್ಯಾಯವಾದ ಪಾಲನ್ನು. ಇಂತಿಷ್ಟೇ ಎಂಬ ಸಿದ್ಧ ಪ್ರಮಾಣ ಕಾಯ್ದೆಯಲ್ಲಿಲ್ಲ. ಅಧಿಕಾರಿ ಕೇಳಿದರೆ ತೋರಿಸಲು ಆ ಪಟ್ಟಿಯೇ ಆಧಾರ.

ಡ್ರೈಯರಿನಿಂದ ಶುರು ಮಾಡಿ. ಒಬ್ಬರಿಗೆ ಒಂದೇ ದಿನ ₹10,000 ದಾಟಿ ನಗದು ಕೊಟ್ಟರೆ ಆ ಮೊತ್ತ ಆಸ್ತಿಯ ಬೆಲೆಗೆ ಸೇರುವುದಿಲ್ಲ. ನಿಮ್ಮ ₹25,000 ಪೂರ್ತಿ ಹೋಯಿತು, ಮೇಲಿನ ₹15,000 ಮಾತ್ರವಲ್ಲ. ಉಳಿದ ₹60,000ಕ್ಕೆ 15% ಅಂದರೆ ₹9,000. ಇದರಲ್ಲಿ ವ್ಯಾಪಾರದ್ದು 60%, ₹5,400. ಅಡಿಕೆಯ ₹3,600 ಬಿಡಬೇಕು, ಅದು ಕೃಷಿಯ ಖರ್ಚು.

ಲ್ಯಾಪ್‌ಟಾಪಿಗೆ ದರ 40%. ಕೊಂಡ ವರ್ಷ 180 ದಿನಕ್ಕಿಂತ ಕಡಿಮೆ ಬಳಸಿದ್ದರಿಂದ ಅರ್ಧ: ₹12,000. ಮುಕ್ಕಾಲು ₹9,000 ನಿಮಗೆ, ₹3,000 ಬಿಡಬೇಕು. ಜಿಎಸ್‌ಟಿ ನೋಂದಣಿ ಇಲ್ಲದ್ದರಿಂದ ಬಿಲ್ಲಿನ ತೆರಿಗೆಯೂ ಬೆಲೆಯಲ್ಲೇ ಸೇರಿರಲಿ.

ತುಂಬುವಾಗ ಬೆಲೆಯನ್ನೇ ಮುಕ್ಕಾಲು ಮಾಡಿ ಹಾಕಬೇಡಿ. ಐಟಿಆರ್-3ರೊಳಗೆ ಯಂತ್ರಗಳ ಸವಕಳಿಗಿರುವ ಪಟ್ಟಿ ಶೆಡ್ಯೂಲ್ ಡಿಪಿಎಂನಲ್ಲಿ ಡ್ರೈಯರಿನ ₹60,000ವನ್ನು 15%ರ ಕಾಲಂನಲ್ಲಿ, 180 ದಿನ ಅಥವಾ ಹೆಚ್ಚು ಎಂಬ ಸಾಲಿಗೆ ಹಾಕಿ. ಲ್ಯಾಪ್‌ಟಾಪಿನದು 40%ರ ಕಾಲಂನಲ್ಲಿ, 180 ದಿನಕ್ಕಿಂತ ಕಡಿಮೆ ಎಂಬ ಸಾಲಿಗೆ. ಕೆಳಗೆ ಸೆಕ್ಷನ್ 38(2)ರ ಅಡಿ ಒಪ್ಪದ ಸವಕಳಿಗೆ ಪ್ರತ್ಯೇಕ ಸಾಲಿದೆ: ಅಲ್ಲಿ ₹3,600, ₹3,000. ಒಟ್ಟು ₹14,400 ಬಂದರೆ ಸರಿ. ಪುಸ್ತಕದಲ್ಲಿ ಬೇರೆ ದರದ ಸವಕಳಿ ಕಳೆದಿದ್ದರೆ ಅದನ್ನು ಲಾಭಕ್ಕೆ ಮರಳಿ ಕೂಡಿಸಿ. ಇಲ್ಲದಿದ್ದರೆ ಎರಡು ಸಲ ಕಳೆದಂತಾಗುತ್ತದೆ.

ಹಪ್ಪಳ_ಶಿರಸಿ:
ಕರೆಂಟ್ ಬಿಲ್? ಮನೆ ಮೀಟರಿನಲ್ಲೇ ಡ್ರೈಯರ್ ಓಡುವುದು.

ಲೆಕ್ಕಿಗ_ಕಾರವಾರ:
ಈ ವರ್ಷಕ್ಕೆ ಡ್ರೈಯರಿನ ಕಿಲೋವ್ಯಾಟನ್ನು 540 ತಾಸಿಗೆ ಗುಣಿಸಿ, ಬಂದ ಯೂನಿಟ್‌ಗಳ ಪಾಲನ್ನಷ್ಟೇ ಹೆಸ್ಕಾಂ ಬಿಲ್ಲಿನಿಂದ ಖರ್ಚಿಗೆ ಹಾಕಿ. ಬಿಸಿಯಾದ ಮೇಲೆ ಥರ್ಮೋಸ್ಟಾಟ್ ಹೀಟರನ್ನು ಆಗಾಗ ನಿಲ್ಲಿಸುವುದರಿಂದ ಈ ಲೆಕ್ಕ ಸ್ವಲ್ಪ ಜಾಸ್ತಿಯೇ ಬರುತ್ತದೆ, ಬಂದದ್ದಕ್ಕಿಂತ ಒಂದಿಷ್ಟು ಕಡಿಮೆ ಹಿಡಿಯಿರಿ. ಮುಂದಕ್ಕೆ ಡ್ರೈಯರಿಗೆ ಒಂದು ಸಬ್ ಮೀಟರ್ ಹಾಕಿಸಿ. ಅಡಿಕೆ ಒಳಗಿಡುವ ಮುಂಚೆ, ತೆಗೆದ ಮೇಲೆ ರೀಡಿಂಗಿನ ಫೋಟೋ ಹೊಡೆದಿಡಿ.