ನಿಜವಾಗ್ಲೂ ಜನ ಸತ್ತಿರೋ ಘಟನೇನ ಯಾಕೆ ಸಿನಿಮಾ ಮಾಡ್ತಾರೆ?

ಸೆಕೆಂಡ್‌ಶೋ: ನಿನ್ನೆ ರಾತ್ರಿ ಮತ್ತೆ ಟೈಟಾನಿಕ್ ನೋಡ್ದೆ, ಎಷ್ಟನೇ ಸಲನೋ ಲೆಕ್ಕ ಇಲ್ಲ, ಕಣ್ಣಲ್ಲಿ ನೀರೂ ಬಂತು, ಆಮೇಲೆ ನಿದ್ದೇನೇ ಬರ್ಲಿಲ್ಲ. 1912ರಲ್ಲಿ ಸುಮಾರು 1500 ಜನ ನಿಜವಾಗ್ಲೂ ಸತ್ರು ಅಲ್ವಾ, ಅದನ್ನ ನಾವು ಪಾಪ್‌ಕಾರ್ನ್ ತಿಂತಾ ನೋಡ್ತೀವಿ. ಬರೀ ದುಡ್ಡಿಗಾ ಇವ್ರು ಇಂಥದ್ದು ಮಾಡೋದು?

ಕಾಳುಮೆಣಸು: ದುಡ್ಡು ಇದ್ದೇ ಇದೆ ಗುರು. ಹಡಗು ಮುಳುಗಿ ಸುಮಾರು ಒಂದು ತಿಂಗಳಿಗೇ ಅಮೆರಿಕದಲ್ಲಿ ಅದರ ಮೇಲೆ ಸಿನಿಮಾ ರಿಲೀಸ್ ಆಗಿತ್ತು! ಹೀರೋಯಿನ್ ಡೊರೊತಿ ಗಿಬ್ಸನ್, ಅದೇ ಹಡಗಲ್ಲಿದ್ದು ಲೈಫ್‌ಬೋಟ್ ಹತ್ತಿ ಬದುಕಿದೋಳು, ಅವತ್ತು ರಾತ್ರಿ ಹಾಕ್ಕೊಂಡಿದ್ದ ಬಟ್ಟೇಲೇ ಶೂಟಿಂಗ್ ಮಾಡಿದ್ಲಂತೆ. ಈಗ ಆ ಸಿನಿಮಾದ ಒಂದು ಪ್ರಿಂಟೂ ಉಳಿದಿಲ್ಲ.

ಮಲೆನಾಡಮ್ಮ: ಬರೀ ದುಡ್ಡು ಅನ್ನೋಕೂ ಆಗಲ್ಲ. 1500 ಅಂತ ಓದಿದ್ರೆ ಅದು ಸಂಖ್ಯೆ ಅಷ್ಟೇ, ಒಂದು ಮುಖ ತೋರಿಸಿದ್ರೆ ಕರುಳು ಕಿವುಚಿದಂಗಾಗುತ್ತೆ. ನಂಗೆ ಸಿಟ್ಟು ಬರೋದು ಇದ್ದೋರ ಮೇಲೆ ಇಲ್ಲದ್ದು ಹೇಳ್ದಾಗ. 1997ರ ಸಿನಿಮಾದಲ್ಲಿ ಮರ್ಡಾಕ್ ಅನ್ನೋ ಆಫೀಸರ್ ಪ್ರಯಾಣಿಕರಿಗೆ ಗುಂಡು ಹೊಡೆದು ತಾನೂ ಹೊಡ್ಕೊಳ್ಳೋ ಹಾಗೆ ತೋರಿಸಿದ್ರು, ಅದಕ್ಕೆ ಗಟ್ಟಿ ಪುರಾವೇನೇ ಇಲ್ಲ, ಸ್ಕಾಟ್ಲೆಂಡಲ್ಲಿ ಅವರ ಊರು ಡಾಲ್ಬೀಟಿ ಜನ ಬೇಜಾರಾಗಿ ಗಲಾಟೆ ಮಾಡಿದ್ಮೇಲೆ 1998ರಲ್ಲಿ ಸ್ಟುಡಿಯೋದವ್ರು ಬಂದು ಕ್ಷಮೆ ಕೇಳಿ ಅಲ್ಲಿನ ಹೈಸ್ಕೂಲಿಗೆ 5000 ಪೌಂಡ್ ಕೊಟ್ಟು ಹೋದ್ರು.

ಸೆಕೆಂಡ್‌ಶೋ: ಅಯ್ಯೋ, ನಾನು ಇಷ್ಟು ವರ್ಷ ಅದು ನಿಜ ಅಂದ್ಕೊಂಡಿದ್ದೆ 😅 ಹಾಗಾದ್ರೆ ಹೀರೋ ಜಾಕ್?

ಕಾಳುಮೆಣಸು: ಜಾಕೂ ಇಲ್ಲ ರೋಸೂ ಇಲ್ಲ, ಹೋಗಿ ಮಲ್ಕೋ.