ಪದಚರ್ಚೆ: ಸುಗಂಧದ 'ನೋಟ್'ಗೆ ಏನೆನ್ನೋಣ? (ತುರ್ತು)

ಗೆಳೆಯರೇ,
ಲಂಡನ್ನಿನ ಆರ್ಮಂಡ್ ಜೇನ್ ಸಂಸ್ಥೆಯ 'ಆರ್ಮಂಡ್ ವುಮನ್' (2002) ಎಂಬ ಸುಗಂಧದ ಕುರಿತ ಲೇಖನವನ್ನು ಕನ್ನಡಿಸುತ್ತಿದ್ದೇನೆ. ನಾಳೆ ಪುಟ ಕಟ್ಟಬೇಕು. ಹಚ್ಚಿಕೊಂಡಾಗ ಮೊದಲು, ನಡುವೆ, ಕೊನೆಗೆ ತೋರುವ ವಾಸನೆಗಳಾದ ಟಾಪ್, ಹಾರ್ಟ್, ಬೇಸ್ ನೋಟ್‌ಗಳಿಗೆ ಶಿರೋಗಂಧ, ಹೃದಯಗಂಧ, ಮೂಲಗಂಧ ಎಂದಿಟ್ಟಿದ್ದೇನೆ. ಮೊದಲಲ್ಲಿ ಏಲಕ್ಕಿ, ಕೊತ್ತಂಬರಿ, ಹುಲ್ಲಿನ ಎಣ್ಣೆ. ನಡುವೆ ಬ್ಲ್ಯಾಕ್ ಹೆಮ್ಲಾಕ್ ಅಬ್ಸಲ್ಯೂಟ್, ವಯಲೆಟ್, ಜಾಸ್ಮಿನ್. ಕೊನೆಗೆ ಲಾವಂಚ, ಸೀಡರ್, ಆಂಬರ್, ಶ್ರೀಗಂಧ. ಹೆಮ್ಲಾಕ್‌ಗೆ 'ವಿಷಸಸ್ಯ', ಸೀಡರ್‌ಗೆ 'ದೇವದಾರು', ಅಬ್ಸಲ್ಯೂಟ್‌ಗೆ 'ಅತ್ತರು' ಆದೀತೆ?
— ಸು.

> ಶಿರೋಗಂಧ, ಹೃದಯಗಂಧ, ಮೂಲಗಂಧ
ಬೇಡ. ಕನ್ನಡದಲ್ಲಿ ಬರಿಯ 'ಗಂಧ' ಎಂದರೆ ತೇಯ್ದ ಚಂದನವೂ ಹೌದು. 'ಮೂಲಗಂಧ: ಶ್ರೀಗಂಧ' ಎಂದು ಅಚ್ಚಾದರೆ ಗೊಂದಲ ಖಂಡಿತ. ಮೇಲ್ಗಂಪು, ನಡುಗಂಪು, ತಳಗಂಪು ಎನ್ನಿ. ಕಂಪು ನಮ್ಮದೇ ಪದ, ಒಳ್ಳೆಯ ವಾಸನೆಗೆ ಮಾತ್ರ ಸಲ್ಲುವ ಪದ. ಸಂಸ್ಕೃತದ ಹಂಗೇಕೆ?
— ರಾ. ಭ.

ಸು. ಅವರೇ, ನೀವು ಕೊನೆಗೆ ಕೇಳಿದ ಮೂರು ಪದಗಳಿಗೂ 'ಇಲ್ಲ'.
ಸಾಕ್ರೆಟಿಸ್ ಕುಡಿದ ಹೆಮ್ಲಾಕ್ ಕೊತ್ತಂಬರಿಯ ಕುಟುಂಬದ ವಿಷಗಿಡ. ಸುಗಂಧದವರು ಬಳಸುವುದು ಉತ್ತರ ಅಮೆರಿಕದ ಸೂಜಿಯೆಲೆಯ ಮರ, ತ್ಸುಗಾ. ಈ ಸುಗಂಧದ ಕಪ್ಪುಹಸಿರು ಕಾಡಿನ ಗುಣವೆಲ್ಲ ಅದರದ್ದು. 'ವಿಷಸಸ್ಯ' ಎಂದರೆ ಲೇಖನವೇ ತಲೆಕೆಳಗು. 'ಹೆಮ್ಲಾಕ್ ಮರ' ಎನ್ನಿ.
ದೇವದಾರು ಹಿಮಾಲಯದ ಮರ. ವರ್ಜೀನಿಯಾ ಸೀಡರ್ ಜೂನಿಪರ್ ಜಾತಿಯದು, ಪೆನ್ಸಿಲ್ ಕೆತ್ತಿದಾಗ ಬರುವ ಒಣವಾಸನೆ ಅದರದ್ದು. ಅಟ್ಲಾಸ್ ಸೀಡರ್ ಮಾತ್ರ ದೇವದಾರಿನ ದಾಯಾದಿ. ಯಾವುದೆಂದು ಪಟ್ಟಿ ಹೇಳದಿದ್ದರೆ 'ಸೀಡರ್' ಎಂದೇ ಬಿಡಿ.
ಅತ್ತರು ಎಂದರೆ ಹೂವನ್ನು ನೀರಿನೊಂದಿಗೆ ಭಟ್ಟಿಯಿಳಿಸಿ, ಆವಿಯನ್ನು ಶ್ರೀಗಂಧದೆಣ್ಣೆಗೆ ಹಿಡಿಸಿದ್ದು. ಅಬ್ಸಲ್ಯೂಟ್‌ಗೆ ಭಟ್ಟಿಯಿಲ್ಲ. ಹೆಕ್ಸೇನ್‌ನಂಥ ದ್ರಾವಕದಲ್ಲಿ ಸಾರ ತೆಗೆದರೆ 'ಕಾಂಕ್ರೀಟ್' ಎಂಬ ಮೇಣದಂಥ ಮುದ್ದೆ ಸಿಗುತ್ತದೆ. ಅದನ್ನು ಆಲ್ಕೋಹಾಲಿನಲ್ಲಿ ಕದಡಿ, ತಣಿಸಿ, ಮೇಣ ಸೋಸಿ, ಆಲ್ಕೋಹಾಲ್ ಹಾರಿಸಿದರೆ ಉಳಿಯುವುದು ಅಬ್ಸಲ್ಯೂಟ್.
ಕೊತ್ತಂಬರಿಗೆ 'ಬೀಜ' ಸೇರಿಸಿ, ಸೊಪ್ಪಿನ ಎಣ್ಣೆಯ ವಾಸನೆ ಪೂರ್ತಿ ಬೇರೆ. ಜಾಸ್ಮಿನ್ ಜಾಜಿಯೂ ಇರಬಹುದು, ಮಲ್ಲಿಗೆಯೇ ಎಂದು ಬರೆಯಬೇಡಿ. ಆಂಬರ್ ಇಲ್ಲಿ ತಿಮಿಂಗಿಲದ ಅಂಬರ್‌ಗ್ರಿಸ್ ಅಲ್ಲ, ಹಳದಿ ಶಿಲಾರಾಳವೂ ಅಲ್ಲ. ಲ್ಯಾಬ್ಡನಮ್ ಎಂಬ ಗಿಡದ ಅಂಟು, ವೆನಿಲ್ಲಾಗಳಿಂದ ಕಟ್ಟುವ ಬೆಚ್ಚನೆಯ ಅಕಾರ್ಡ್, ಅಂದರೆ ಹಲವು ವಾಸನೆ ಬೆರೆತು ಒಂದಾದದ್ದು. 'ಅಂಬರ' ಎಂದರೆ ಆಕಾಶವಾದೀತು.
— ವಿ.

ನೋಟ್ ಸಂಗೀತದ ಪದ. 19ನೆಯ ಶತಮಾನದಲ್ಲಿ ಲಂಡನ್ನಿನ ಸುಗಂಧಕಾರ ಪಿಯೆಸ್ ವಾಸನೆಗಳನ್ನು ಸ್ವರಶ್ರೇಣಿಯಲ್ಲೇ ಜೋಡಿಸಿದ್ದ. ಆದ್ದರಿಂದ 'ಸ್ವರ'. ಅಕಾರ್ಡಿಗೆ 'ಮೇಳ'. ಬೇರೆ ಪದ ಹುಡುಕುವುದು ವ್ಯರ್ಥ.
— ಶ್ರೀ.

ಸ್ವರ ಕಿವಿಯದು, ಮೂಗಿನದಲ್ಲ. ಇಂಗ್ಲಿಷಿನವರ ರೂಪಕವನ್ನು ನಾವೇಕೆ ಹೊರಬೇಕು?
— ರಾ. ಭ.

ಅತ್ತರು, ಅಂಬರ್ ಎರಡೂ ಅರಬ್ಬಿಯಿಂದ ಬಂದವು. ಅವನ್ನೂ ಹೊರಹಾಕುತ್ತೀರಾ? ಪನ್ನೀರೊಂದರಲ್ಲೇ ಸುಗಂಧಶಾಸ್ತ್ರ ಬರೆಯಲಾಗದು.
— ಶ್ರೀ.

ಎರವಲಿನ ಜಗಳಕ್ಕೆ ಬೇರೆ ಎಳೆ ತೆರೆಯಿರಿ.
ರಾ. ಭ. ಅವರ 'ಕಂಪು' ಒಪ್ಪಿಗೆ, 'ಮೇಲ್', 'ತಳ' ಒಪ್ಪಿಗೆಯಿಲ್ಲ. ಬಾಟಲಿಯಲ್ಲಿ ಪದರಗಳಿಲ್ಲ, ಎಲ್ಲವೂ ಬೆರೆತೇ ಇರುತ್ತವೆ. ವ್ಯತ್ಯಾಸ ಆವಿಯಾಗುವ ವೇಗದ್ದು: ಏಲಕ್ಕಿ ಬೇಗ ಹಾರುತ್ತದೆ, ಲಾವಂಚ ಕಾಗದದ ಪಟ್ಟಿಯ ಮೇಲೆ ಮಾರನೆಯ ದಿನವೂ ಇರುತ್ತದೆ. ಮುಂಗಂಪು, ನಡುಗಂಪು, ಉಳಿಗಂಪು ಎನ್ನಿ. 'ಆರ್ಮಂಡ್ ವುಮನ್' ರಚಿಸಿದ ಗೆಜಾ ಶೋನ್ ಅವರೇ 2006ರಲ್ಲಿ 'ಮಾಲಿಕ್ಯೂಲ್ 01' ಎಂಬ ಸುಗಂಧ ತಂದರು. ಅದರಲ್ಲಿ ಐಸೋ ಇ ಸೂಪರ್ ಎಂಬ ಒಂದೇ ಕಂಪುವಸ್ತು. ಅಂಥದಕ್ಕೆ ಮೇಲೇನು, ತಳವೇನು? ಅದಕ್ಕೆ 'ಉಳಿಗಂಪು' ಒಂದೇ ಸಾಕು.
— ವಿ.

'ಮುಂಗಂಪು' ಸರಿ. 'ಉಳಿಗಂಪು' ಕೇಳಿದರೆ ಬಡಗಿಯ ಉಳಿ ನೆನಪಾಗುತ್ತದೆ. ತಳಗಂಪೇ ಇರಲಿ.
— ರಾ. ಭ.